ಕಾಳಿ ಓಡಾಡಿದ ಸೀಮೆ

ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತನಿಗೆ ನೀರು ಸಿಗುವುದು ಊರು ಮಲಗಿದ ಮೇಲೆ. ಕೆ.ಆರ್.ಎಸ್.ನಿಂದ ಹೊರಟ ನೀರು ಪಾಂಡವಪುರ, ಮಂಡ್ಯದ ಬಯಲನ್ನು ತೋಯಿಸಿ, ಉಪನಾಲೆ ಸೀಳುನಾಲೆಗಳಲ್ಲಿ ಹಂಚಿಹೋಗಿ, ಮದ್ದೂರು–ಮಳವಳ್ಳಿ ಕಡೆಯ ತೂಬು ಮುಟ್ಟುವ ಹೊತ್ತಿಗೆ ಅದರ ರಭಸವೆಲ್ಲ ಇಳಿದಿರುತ್ತದೆ. ಇಷ್ಟು ದಿನ ನೀರು, ಇಷ್ಟು ದಿನ ನಿಲುಗಡೆ ಎಂದು ಕಟ್ಟು ಪದ್ಧತಿಯ ಲೆಕ್ಕ ಕಚೇರಿಯಲ್ಲಿ ಸರಿಯಾಗಿಯೇ ಇರುತ್ತದೆ. ಮೇಲಿನ ಗದ್ದೆಯವನು ನಾಲೆಗೆ ಅಡ್ಡ ಇಟ್ಟ ಹುಲ್ಲುಪಿಂಡಿಗೆ ಆ ಲೆಕ್ಕ ಗೊತ್ತಿರುವುದಿಲ್ಲ, ಅಷ್ಟೆ. ಅವನು ಉಂಡು ಮಲಗಿದ ಮೇಲೆ ಕೆಳಗಿನವನು ಸನಿಕೆ ಹೆಗಲಿಗೇರಿಸಿ ಹೊರಡುತ್ತಾನೆ. ನಾಲೆ ಇಲ್ಲದ ಕಡೆ ಪಂಪ್‌ಸೆಟ್ಟು. ಅದಕ್ಕೂ ತ್ರೀ ಫೇಸ್ ಕರೆಂಟು ಪಾಳಿಯ ಮೇಲೆ. ರಾತ್ರಿ ಪಾಳಿ ಬಂದ ವಾರ ನಿದ್ದೆಗೆ ಎಳ್ಳುನೀರು. ಹಗಲು ಹೊತ್ತು ಕರೆಂಟು ಕೊಡಿ ಎಂದು ಈ ಜಿಲ್ಲೆಯಲ್ಲಿ ಆಗಿರುವ ಧರಣಿಗಳಿಗೆ ಲೆಕ್ಕವಿಲ್ಲ.

ಪಟ್ಟಣದವರು ಆರೋಗ್ಯಕ್ಕೆಂದು ಮಾಡುವ ರಾತ್ರಿ ನಡಿಗೆ ಇಲ್ಲಿ ಬೇಸಾಯದ ಒಂದು ಕೆಲಸ. ಸಾಮಾನು ಕಡಿಮೆ. ಒಂದು ಸನಿಕೆ, ಒಂದು ಬ್ಯಾಟರಿ, ತಲೆಗೆ ಸುತ್ತಿದ ಟವೆಲು, ಜೇಬಿನಲ್ಲಿ ಮಂದ ದನಿಯಲ್ಲಿ ಹಳೆಯ ಹಾಡು ಹೇಳುವ ಮೊಬೈಲು. ಕಾಲಿಗೆ ಬಹುಪಾಲು ಜನರಿಗೆ ಏನೂ ಇಲ್ಲ, ಕೆಸರಿನಲ್ಲಿ ಚಪ್ಪಲಿ ಕಿತ್ತುಬರುತ್ತದೆ. ಮತ್ತೆ ನಾಯಿ. ಅದನ್ನು ಯಾರೂ ಕರೆಯುವುದಿಲ್ಲ. ಗೋಡೆಗೆ ಒರಗಿಸಿದ ಸನಿಕೆ ಎತ್ತಿದ ಸದ್ದಿಗೆ ಜಗಲಿ ಕೆಳಗಿಂದ ಎದ್ದು, ಮುಂಗಾಲು ನೀಡಿ ಬೆನ್ನು ಬಗ್ಗಿಸಿ ಮೈ ಮುರಿದು, ಬಾಗಿಲಾಚೆ ಹೋಗಿ ನಿಂತಿರುತ್ತದೆ.

ಬದುವಿನ ಮೇಲೆ ಅದು ನಡೆಯುವ ಬಗೆಯನ್ನು ನೋಡಬೇಕು. ಹತ್ತು ಹದಿನೈದು ಹೆಜ್ಜೆ ಮುಂದೆ. ತಿರುವು ಬಂದಲ್ಲಿ ನಿಂತು ಹಿಂದಿರುಗಿ ನೋಡುತ್ತದೆ, ಬ್ಯಾಟರಿ ಬೆಳಕಿಗೆ ಕಣ್ಣು ಹಸಿರಾಗಿ ಹೊಳೆಯುತ್ತದೆ, ಯಜಮಾನ ಬರುತ್ತಿದ್ದಾನೆ ಎಂದು ಖಾತ್ರಿಯಾದ ಮೇಲೆ ಮುಂದಿನ ತಿರುವು. ಅದರ ಬಾಲ, ಕಿವಿ, ಕತ್ತಿನ ಕೂದಲು ಮೂರನ್ನೂ ಓದಬಲ್ಲವನಿಗೆ ಬ್ಯಾಟರಿಯ ಅಗತ್ಯ ಅರ್ಧ ಕಡಿಮೆ. ಎದುರಿಗೆ ಮನುಷ್ಯ ಬರುತ್ತಿದ್ದರೆ ನಾಯಿ ನೇರ ನಿಂತು ಉದ್ದಕ್ಕೆ ಬೊಗಳುತ್ತದೆ. ಹಾವು ಕಂಡರೆ ಪಕ್ಕಕ್ಕೆ ನೆಗೆದು, ಒಂದೇ ಜಾಗವನ್ನು ಸುತ್ತುತ್ತ ತುಂಡು ತುಂಡಾಗಿ ಬೊಗಳುತ್ತದೆ, ಮೂಗು ಮಾತ್ರ ಮುಂದಕ್ಕೆ ಚಾಚುವುದಿಲ್ಲ. ಹಂದಿಯಾದರೆ ಕತ್ತಿನಿಂದ ಬಾಲದ ಬುಡದವರೆಗೆ ಕೂದಲು ನೆಟ್ಟಗಾಗಿ ಗಂಟಲಿನೊಳಗೇ ಗುರುಗುಟ್ಟುತ್ತದೆ. ಚಿರತೆಯ ವಾಸನೆ ಬಂತೆಂದರೆ ಇದ್ಯಾವುದೂ ಇಲ್ಲ; ಬಾಲ ಮುದುಡಿಕೊಂಡು ಸದ್ದಿಲ್ಲದೆ ಹಿಂದಕ್ಕೆ ಬಂದು ಯಜಮಾನನ ಎರಡು ಕಾಲಿನ ನಡುವೆ ನಿಲ್ಲುತ್ತದೆ. "ನಾಯಿ ಬೊಗಳ್ತಾ ಇದ್ರೆ ಭಯ ಇಲ್ಲ ಕಣಪ್ಪ, ಬೊಗಳೋದ ನಿಲ್ಲಿಸ್ತು ಅಂದ್ರೆ ನೋಡ್ಕೊ" ಎಂದು ಹಲಗೂರು ಕಡೆಯ ಹಿರಿಯರು ಹೇಳುವುದು ಇದನ್ನೇ.

ಗದ್ದೆಬಯಲಿನಲ್ಲಿ ನಿಜವಾದ ಅಪಾಯ ಚಿರತೆಗಿಂತ ಕೊಳಕುಮಂಡಲದ್ದು. ಇಲಿಗಾಗಿ ಬದುವಿಗೆ ಬರುವ ಈ ಹಾವು ಹೆಜ್ಜೆ ಸದ್ದಿಗೆ ಜಾಗ ಬಿಡುವ ಜಾತಿಯದಲ್ಲ, ಸುರುಳಿ ಸುತ್ತಿ ಮಲಗಿದ್ದಲ್ಲೇ ಬುಸುಗುಟ್ಟುತ್ತದೆ. ನಾಯಿ ಮುಂದಿದ್ದರೆ ಆ ಬುಸುಗುಡುವಿಕೆ ಮೊದಲು ಕೇಳುವುದು ನಾಯಿಗೆ. ಕೆಲವು ಸಲ ಕಡಿತವೂ ಮೊದಲು ಅದಕ್ಕೇ. ಗುರುತು ಸಿಗದಷ್ಟು ಊದಿದ ಮುಖ ಹೊತ್ತು ಹಟ್ಟಿಯ ಮೂಲೆಯಲ್ಲಿ ಬಿದ್ದಿದ್ದು ಬದುಕಿದ ನಾಯಿಗಳೂ ಇವೆ, ಬೆಳಗಾಗುವುದರೊಳಗೆ ಹೋದವೂ ಇವೆ. ಮನುಷ್ಯನಿಗಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಬಿಟ್ಟು ಬೇರೆ ದಾರಿಯಿಲ್ಲ. ಮಂತ್ರ ಹಾಕಿಸುತ್ತ ಕೂತವರ ಕತೆ ಪ್ರತಿ ಊರಿನಲ್ಲೂ ಒಂದಿದೆ, ಅದನ್ನು ಹೇಳಲು ಅವರೇ ಉಳಿದಿಲ್ಲ.

ಇನ್ನು ಆಲೆಮನೆ. ಮಂಡ್ಯದ ಬೆಲ್ಲದ ವಾಸನೆ ಹೊಡೆಯುವ ರಾತ್ರಿಗಳಲ್ಲಿ ಸುತ್ತಲ ಊರಿನ ನಾಯಿಗಳೆಲ್ಲ ಬೆಚ್ಚಗೆ ಮಲಗುವುದು ಒಲೆಗೆ ಹಾಕಲು ಒಣಗಿಸಿದ ಕಬ್ಬಿನ ರಚ್ಚಿನ ಗುಡ್ಡೆಯ ಮೇಲೆ. ಕೊಪ್ಪರಿಗೆಯಿಂದ ತೆಗೆದು ಚೆಲ್ಲಿದ ನೊರೆ ಆರುವವರೆಗೆ ಕಾಯುವ ತಾಳ್ಮೆ ಅವಕ್ಕಿದೆ. ಒಮ್ಮೆ ಮೂತಿ ಸುಟ್ಟುಕೊಂಡದ್ದು ಜನ್ಮಪೂರ್ತಿ ಕಾಯುತ್ತದೆ. ರಾತ್ರಿ ನೀರು ಕಟ್ಟಿ ಬಂದವನು ಅಲ್ಲಿ ಒಂದು ಲೋಟ ಹಾಲು ಕುಡಿದು, ಕಬ್ಬಿನ ಹಾಲು, ಒಲೆಯ ಮುಂದೆ ಕಾಲು ಕಾಯಿಸಿಕೊಂಡು, ಗಾಣದವರೊಂದಿಗೆ ಎರಡು ಮಾತಾಡಿ ಎದ್ದಾಗ ಅವನ ನಾಯಿ ಏಳಲು ಸ್ವಲ್ಪ ಸತಾಯಿಸುತ್ತದೆ.

ಊರೊಳಗಿನ ರಾತ್ರಿಯೇ ಬೇರೆ. ಬೀದಿಗೊಂದು ನಾಯಿಗುಂಪು, ಪ್ರತಿ ಗುಂಪಿಗೂ ಒಂದು ಗಡಿ. ಮಾರಿಗುಡಿ ಬೀದಿಯವು ನಿಮ್ಮನ್ನು ಅರಳೀಕಟ್ಟೆಯವರೆಗೆ ಬೊಗಳುತ್ತ ತಂದು ಬಿಡುತ್ತವೆ, ಅಲ್ಲಿಂದ ಮುಂದಿನದು ಕೆಳಗಿನ ಬೀದಿಯವುಗಳ ಜವಾಬ್ದಾರಿ. ಅವು ಯಾರ ನಾಯಿಗಳು ಎಂದು ಕೇಳಿದರೆ ಊರವರು ತಬ್ಬಿಬ್ಬಾಗುತ್ತಾರೆ. ಕರಿಯ ಎಂಬ ನಾಯಿ ಮಲಗುವುದು ಒಬ್ಬರ ಜಗಲಿಯಲ್ಲಿ, ಮುದ್ದೆ ತಿನ್ನುವುದು ಇನ್ನೊಬ್ಬರ ಹಿತ್ತಲಲ್ಲಿ, ಗದ್ದೆಗೆ ಹೋಗುವುದು ಮೂರನೆಯವರ ಹಿಂದೆ. ಸಾಕಿದ ನಾಯಿ, ಬೀದಿ ನಾಯಿ ಎಂಬ ಸರ್ಕಾರದ ಎರಡು ಖಾನೆಗಳಲ್ಲಿ ಇದು ಯಾವುದಕ್ಕೂ ಸಲ್ಲುವುದಿಲ್ಲ. ಆದರೂ ಪ್ರತಿ ನಾಯಿಗೂ ಹೆಸರುಂಟು: ಕರಿಯ, ಕೆಂಚ, ಬಿಳಿಯ, ರಾಮು, ಟೈಗರ್.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಯಾರನ್ನು ಕಂಡರೆ ಬೊಗಳಬೇಕು ಎಂದು ನಾಯಿಗೆ ಕಲಿಸುವವರು ಜಗಲಿಯ ಮೇಲೆ ಕೂತವರು. ಮೇಲಿನ ಬೀದಿಯಲ್ಲಿ ಕೇರಿಯ ಹುಡುಗ ನಡೆದುಹೋದರೆ ಹಗಲು ಹೊತ್ತಿನಲ್ಲೂ ಹಿಂದೆ ಬೀಳುತ್ತಿದ್ದ ನಾಯಿಗಳ ಬಗ್ಗೆ ಆ ಹುಡುಗರಿಗೆ ಈಗ ವಯಸ್ಸಾಗಿದ್ದರೂ ಸಿಟ್ಟು ಆರಿಲ್ಲ. ನಾಯಿಯ ನಿಷ್ಠೆಯನ್ನು ಹೊಗಳುವ ಬರಹಗಳಲ್ಲಿ ಈ ಭಾಗವನ್ನು ನಾನು ಓದಿಲ್ಲ. ಯಜಮಾನನ ಕಣ್ಣು ಎತ್ತ ಹೋಗುತ್ತದೋ ನಾಯಿಯ ಹಲ್ಲೂ ಅತ್ತ ಹೋಗುತ್ತದೆ.

ಶಾಸನದ ನಾಯಿ

ಮದ್ದೂರು ತಾಲ್ಲೂಕಿನ ಆತಕೂರು, ಈಗ ಜನರ ಬಾಯಲ್ಲಿ ಆತಗೂರು, ನಾಯಿಯೊಂದರಿಂದ ಕರ್ನಾಟಕದ ಇತಿಹಾಸದೊಳಕ್ಕೆ ಬಂದ ಊರು. ಅಲ್ಲಿನ ಶಿಲಾಶಾಸನ ಶಕ 872ರದು, ಅಂದರೆ ಕ್ರಿ.ಶ. 949–50. ಇತಿಹಾಸಕಾರರಿಗೆ ಅದು ಬೇಕಾದದ್ದು ಯುದ್ಧದ ಸುದ್ದಿಗೆ: ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ ತಕ್ಕೋಲದಲ್ಲಿ, ಇಂದಿನ ತಮಿಳುನಾಡಿನ ಅರಕ್ಕೋಣದ ಬಳಿ, ಚೋಳ ರಾಜಾದಿತ್ಯನ ಮೇಲೆ ಬಿದ್ದದ್ದು, ಗಂಗರ ಎರಡನೆಯ ಬೂತುಗ ರಾಜಾದಿತ್ಯನನ್ನು ಕೊಂದದ್ದು, ಅದಕ್ಕೆ ಮೆಚ್ಚುಗೆಯಾಗಿ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಪಡೆದದ್ದು. ದಕ್ಷಿಣ ಭಾರತದ ಆ ಕಾಲದ ದೊಡ್ಡ ಕದನವೊಂದರ ಸಾಕ್ಷಿ ಮಂಡ್ಯದ ಹಳ್ಳಿಯ ಒಂದು ಕಲ್ಲಿನಲ್ಲಿದೆ.

ಆದರೆ ಕಲ್ಲನ್ನು ನಿಲ್ಲಿಸಿದ್ದು ಅದಕ್ಕಲ್ಲ. ಬೂತುಗನ ಕಡೆ ಕಾದಿದ ಮಣಲೆರ ಎಂಬ ಸಗರವಂಶದ ವೀರನಿಗೆ ಒಡೆಯ ಮೆಚ್ಚಿ, ಬೇಕಾದ್ದು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಕೇಳಿದ್ದು ಸಿಕ್ಕಿತು. ಆಮೇಲೆ ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ಕಾಳಿಯೂ ಸತ್ತಳು. (ಕಾಳಿಯನ್ನು ಹೆಣ್ಣೆಂದು ನಾನು ಹೆಸರಿನಿಂದ ಊಹಿಸಿಕೊಂಡದ್ದು, ಶಾಸನದ ಮೇಲೆ ಆ ಭಾರ ಹಾಕುವುದು ಬೇಡ.) ಮಣಲೆರ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗದ ಮಣ್ಣು ಬಿಟ್ಟ. ಅಲ್ಲಿನ ಪೂಜೆಯ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂದು ಬರೆಸಿದ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಉಬ್ಬುಚಿತ್ರವಿದೆ. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯಲ್ಲೂ ಹಂದಿ ಬೇಟೆಯಲ್ಲಿ ಹೆಸರಾದ ನಾಯಿಗಳ ಕಲ್ಲು ಉಂಟು. ಆದರೆ ಒಂದು ಸಾಮ್ರಾಜ್ಯದ ಯುದ್ಧವನ್ನು ಪೀಠಿಕೆ ಮಾಡಿಕೊಂಡು ನಾಯಿಯ ಸಾವನ್ನು ಹೇಳುವ ಕಲ್ಲು ಇದೇ.

ರಾಜ್ಯಗಳನ್ನು ಹಂಚುತ್ತಿದ್ದ ಹೊತ್ತಿನಲ್ಲಿ ನಾಯಿ ಕೇಳಿದವನನ್ನು ಕಂಡು ಉಪನ್ಯಾಸಗಳಲ್ಲಿ ಜನ ನಗುವುದನ್ನು ಕೇಳಿದ್ದೇನೆ. ಮಣಲೆರನ ತ್ಯಾಗ ಎಂದು ಕೊಂಡಾಡುವವರೂ ಇದ್ದಾರೆ. ನನಗೆ ಎರಡೂ ಸರಿ ಕಾಣುವುದಿಲ್ಲ. ಈ ಸೀಮೆಯಲ್ಲಿ ಬೆಳೆಯ ಮೇಲೆ ಬೀಳುವ ಹಂದಿಯನ್ನು ಒಂದು ಸಲ ನೋಡಿದವನಿಗೆ, ಕತ್ತಲಲ್ಲಿ ಮುಂದೆ ನಡೆಯುವ ಒಳ್ಳೆಯ ನಾಯಿಯ ಬೆಲೆ ಗೊತ್ತಿರುವವನಿಗೆ, ಮಣಲೆರ ಬೇಕಾದ್ದನ್ನೇ ಕೇಳಿದ ಎನಿಸುತ್ತದೆ. ಅವನು ಭೂಮಿ ಬೇಡವೆಂದ ಸಂನ್ಯಾಸಿಯೇನಲ್ಲ. ಆತಕೂರು ಹನ್ನೆರಡು ಎಂಬ ಹಳ್ಳಿಗಳ ಗುಂಪೂ ಬಾಳ್ಗಚ್ಚಾಗಿ, ಅಂದರೆ ಶೌರ್ಯಕ್ಕೆ ಕೊಡುವ ಮಾನ್ಯವಾಗಿ, ಅವನ ಕೈಗೆ ಬಂತು. ಭೂಮಿ ಕೇಳದೆಯೂ ಬರುತ್ತದೆ. ಕಾಳಿಯಂಥ ನಾಯಿಯನ್ನು ಕೇಳಿಯೇ ಪಡೆಯಬೇಕು.

ಶಾಸನದ ಗೊರವ ಶೈವ ಪೂಜಾರಿ. ಇಂದು ಇದೇ ಸೀಮೆಯಲ್ಲಿ ಕರಡಿ ಕೂದಲಿನ ಟೋಪಿ ಹಾಕಿ, ಡಮರುಗ ಬಾರಿಸುತ್ತ ಬರುವ ಗೊರವಯ್ಯ ಮೈಲಾರಲಿಂಗನ ಒಕ್ಕಲು. ದೋಣಿ ಸೇವೆಯ ದಿನ ಗೊರವರು ಹಾಲು ಬಾಳೆಹಣ್ಣು ತುಂಬಿದ ದೋಣಿಯ ಸುತ್ತ ನಾಯಿಗಳಂತೆ ಬೊಗಳುತ್ತ, ಕೈ ಮುಟ್ಟಿಸದೆ ಬಾಯಿಂದಲೇ ಉಣ್ಣುತ್ತಾರೆ. ಮೈಲಾರನ ಪರಿವಾರದಲ್ಲಿ ನಾಯಿಗೆ ಅಂಥ ಜಾಗ. ಉತ್ತರಕ್ಕೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಕಾಲಭೈರವನ ವಾಹನ ನಾಯಿ. ಮೇಲುಕೋಟೆ ಬೆಟ್ಟದಲ್ಲಿ ಚೆಲುವನಾರಾಯಣ, ಇಲ್ಲಿ ಬಯಲಲ್ಲಿ ನಾಯಿಯ ಜೊತೆ ಓಡಾಡುವ ದೇವರುಗಳು. ಬೇಸಾಯಗಾರರು, ಕುರುಬರು ಯಾರನ್ನು ಮನೆದೇವರು ಮಾಡಿಕೊಂಡರು ಎಂಬುದರಲ್ಲಿ ಅವರ ರಾತ್ರಿಗಳ ಪಾಲೂ ಇರಬೇಕು.

ಹಂದಿ, ಚಿರತೆ, ಕಬ್ಬು

ಕಾಳಿ ಸತ್ತ ಸಾವಿರ ವರ್ಷದ ಮೇಲೂ ಹಂದಿ ಹೋಗಿಲ್ಲ. ಜೋಳದ ತೆನೆ ಹಾಲು ತುಂಬಿದಾಗ, ಕಬ್ಬಿನ ಬುಡ ಸಿಹಿಯಾದಾಗ, ಗೆಣಸು ಬಲಿತಾಗ ಹಂದಿಗೆ ಯಾರೂ ಹೇಳಿಕಳಿಸಬೇಕಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಣಲೆರನ ಕೆಲಸ ಮಾಡಿದವನು ಕಂಬಿ ಎಣಿಸಬೇಕು. ಹಿಂದೆ ಯುಗಾದಿಯ ವರ್ಷದೊಡಕಿಗೆ ಬಲೆ, ಭರ್ಜಿ, ನಾಯಿ ಕಟ್ಟಿಕೊಂಡು ಬೆಟ್ಟದ ತಪ್ಪಲಿಗೆ ಹೋಗುತ್ತಿದ್ದ ಬೇಟೆ ಈಗ ಮುದುಕರ ಮಾತಿನಲ್ಲಷ್ಟೆ ಉಳಿದಿರಬೇಕಾದದ್ದು; ಬಾಡಿನ ಎಸರು ಮತ್ತು ಇಸ್ಪೀಟು ಮಾತ್ರ ಮುಂದುವರಿದಿವೆ. ಈಗಿನ ನಾಯಿಯ ಕೆಲಸ ಹಂದಿಯನ್ನು ಹಿಡಿಯುವುದಲ್ಲ, ಅಟ್ಟುವುದು. ಬೇಲಿಗೆ ಹಳೆಯ ಸೀರೆ, ಗಾಳಿಗೆ ಬಡಿಯುವ ಡಬ್ಬ, ನಡುರಾತ್ರಿ ಒಂದು ಪಟಾಕಿ, ಜೊತೆಗೆ ಅಟ್ಟಣೆಯ ಕೆಳಗೆ ನಾಯಿ. ಕೆಲವರು ತಂತಿಗೆ ಕಳ್ಳ ಕರೆಂಟು ಕೊಡುತ್ತಾರೆ. ಅದಕ್ಕೆ ಹಂದಿಗಿಂತ ಮೊದಲು ಸಿಗುವುದು ಕಾವಲು ನಾಯಿ, ಕೆಲವೊಮ್ಮೆ ನೀರು ಕಟ್ಟಲು ಬಂದ ಪಕ್ಕದ ಜಮೀನಿನವನು. ಇದಕ್ಕಿಂತ ಹೇಡಿ ಕೆಲಸ ಹೊಲದಲ್ಲಿ ಇನ್ನೊಂದಿಲ್ಲ.

ಚಿರತೆಯ ಕತೆ ಬೇರೆ. ಮಂಡ್ಯ ಜಿಲ್ಲೆಯಲ್ಲಿ ಕಾಡು ಕಡಿಮೆ, ಕಬ್ಬು ಹೆಚ್ಚು, ಚಿರತೆಗೆ ಎರಡೂ ಒಂದೇ. ಕಬ್ಬು ಕಡಿಯುವಾಗ ಸಾಲಿನ ನಡುವೆ ಮರಿಗಳು ಸಿಕ್ಕ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಹಸಿರು ಗೋಡೆಯೊಳಗೆ ಅವು ಏನು ತಿಂದು ಬದುಕುತ್ತವೆ? ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯ ಅಕೋಲೆ ಎಂಬಲ್ಲಿ, ಅದೂ ಕಬ್ಬಿನ ಸೀಮೆಯೇ, ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆ ಪರೀಕ್ಷಿಸಿ ನೋಡಿದಾಗ ಅವುಗಳ ಆಹಾರದ ತೂಕದಲ್ಲಿ 87 ಪಾಲು ಸಾಕುಪ್ರಾಣಿಗಳದ್ದು, ನಾಯಿಯೊಂದೇ 39 ಪಾಲು. ನಮ್ಮ ಕಡೆ ಅಂಥ ಲೆಕ್ಕ ಕೈಯಲ್ಲಿ ಹಿಡಿದು ಮಾತಾಡುವ ಹಾಗಿಲ್ಲ, ಆದರೆ ಬೆಳಗ್ಗೆ ಎದ್ದಾಗ ಸರಪಳಿ ಮಾತ್ರ ಉಳಿದಿರುವ ಹಟ್ಟಿಗಳನ್ನು ಕಂಡವರಿಗೆ ಆ ಅಂಕಿಯಲ್ಲಿ ಆಶ್ಚರ್ಯವೇನೂ ಇಲ್ಲ. ಕಟ್ಟಿಹಾಕಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ. ಬಿಟ್ಟ ನಾಯಿ ಓಡಿಯಾದರೂ ಉಳಿಯುತ್ತದೆ, ಇಲ್ಲವೆ ಒಳಗೆ ಕೂಡಬೇಕು. ಎಷ್ಟೋ ಮನೆಗಳಲ್ಲಿ ಈಗ ಕಾವಲಿಗೆಂದು ಸಾಕಿದ ನಾಯಿಯನ್ನು ರಾತ್ರಿಯಾದೊಡನೆ ನಡುಮನೆಗೆ ಸೇರಿಸಿ ಅಗುಳಿ ಹಾಕುತ್ತಾರೆ. ಯಾರು ಯಾರನ್ನು ಕಾಯುತ್ತಿದ್ದಾರೆ ಎಂದು ಕೇಳಿದರೆ ಮನೆಯವರೂ ನಗುತ್ತಾರೆ.

ಕುರಿಯವರಿಗೆ ಒಳಗೆ ಸೇರಿಸುವ ಅನುಕೂಲವಿಲ್ಲ. ಮಳವಳ್ಳಿ ತಾಲ್ಲೂಕಿನ ಬಂಡೂರು ತನ್ನ ಹೆಸರನ್ನು ಒಂದು ಕುರಿತಳಿಗೇ ಕೊಟ್ಟ ಊರು. ಗಿಡ್ಡ ಕಾಲು, ತುಂಬಿದ ಮೈ, ಹಿಂದಿನಿಂದ ನೋಡಿದರೆ ತಲೆಕೆಳಗಾದ ಯು ಅಕ್ಷರದ ತೊಡೆ. ಬಾಡಿನ ರುಚಿ ಬಲ್ಲವರು ಬಂಡೂರು ಕುರಿಗೆ ಬೇರೆ ಕುರಿಯ ಎರಡರಷ್ಟು ಬೆಲೆ ಕೊಟ್ಟಾರು. ಸುಗ್ಗಿಯಾದ ಗದ್ದೆಯಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದಾಗ, ಬಲೆಯ ರೊಪ್ಪದ ಹೊರಗೆ ಕಂಬಳಿ ಹೊದ್ದು ಕುರುಬ, ಅವನಿಂದ ಮಾರು ದೂರಕ್ಕೆ ನಾಯಿ. ಕುರಿಗಾಹಿ ನಾಯಿ ಎಂದರೆ ಸಿನಿಮಾದಲ್ಲಿ ಕುರಿಗಳನ್ನು ಅತ್ತಿತ್ತ ಓಡಿಸುವ ವಿಲಾಯತಿ ನಾಯಿಯ ಚಿತ್ರ ಮನಸ್ಸಿಗೆ ಬರುತ್ತದೆ. ಇಲ್ಲಿನದು ಕುರಿಯ ಗೊಡವೆಗೇ ಹೋಗುವುದಿಲ್ಲ, ಅದರ ಬೆನ್ನು ಕುರಿಗೆ, ಮುಖ ಕತ್ತಲಿಗೆ. ಕೆಲವು ನಾಯಿಗಳ ಕೊರಳಿಗೆ ಹೊರಮುಖವಾಗಿ ಮೊಳೆ ಹೊಡೆದ ಪಟ್ಟಿ. ಚಿರತೆ ಮೊದಲು ಹಿಡಿಯುವುದು ಕೊರಳನ್ನು ಎಂಬುದು ತಿಳಿದವರ ಕೈಕೆಲಸ ಅದು.

ಬೆಟ್ಟದ ದಿನ

ನೀರಿನ ಪಾಳಿ ಇಲ್ಲದ ದಿನ ಹುಡುಗರಿಗೆ ಬೆಟ್ಟ. ಮಂಡ್ಯ ಸಪಾಟು ಜಿಲ್ಲೆ ಎಂದು ರೈಲಿನ ಕಿಟಕಿಯಿಂದ ನೋಡಿದವರ ಅಭಿಪ್ರಾಯ. ಮದ್ದೂರಿನಿಂದ ತೆಂಕಣಕ್ಕೆ ಸರಿದಂತೆ ನೆಲ ಗುಬುಟುಗುಬುಟಾಗಿ, ಹಲಗೂರು ದಾಟಿದ ಮೇಲೆ ಬಸವನಬೆಟ್ಟದ ಕಾಡು, ಅದರಾಚೆ ಇಳಿಜಾರಿನ ತುದಿಗೆ ಮುತ್ತತ್ತಿ, ಕಾವೇರಿ. ಹಲಗೂರು ಅಂದರೆ ಮಂಟೇಸ್ವಾಮಿ ಕಾವ್ಯದಲ್ಲಿ ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗಿ ಪಾಂಚಾಳರಿಂದ ಪಾಡುಪಟ್ಟ ಅದೇ ಊರು. ಇತ್ತ ಮಳವಳ್ಳಿ ಕಡೆ ಕುಂದೂರು ಬೆಟ್ಟ. ಭಾರತೀನಗರದ ಹತ್ತಿರ ಅರೆತಿಪ್ಪೂರು.

ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗಲು ಅರೆತಿಪ್ಪೂರಿನಷ್ಟು ಒಳ್ಳೆಯ ಬೆಟ್ಟ ಬೇರೆ ಇಲ್ಲ. ಬಂಡೆಯ ಮೇಲೇ ಹತ್ತುವ ದಾರಿ, ನೆತ್ತಿಯಲ್ಲಿ ಸುಮಾರು 10 ಅಡಿಯ ಬಾಹುಬಲಿ. ಊರವರು ಅವನನ್ನು ಶ್ರವಣಪ್ಪ ಎನ್ನುತ್ತಾರೆ, ಬೆಟ್ಟ ಶ್ರವಣಪ್ಪನ ಬೆಟ್ಟ. ಇದು ಶ್ರವಣಬೆಳಗೊಳದ ಮೂರ್ತಿಗಿಂತ ಹಳೆಯದೆಂದು ವಾದಿಸುವವರಿದ್ದಾರೆ. ಎದುರಿನ ಗುಡ್ಡದಲ್ಲಿ, ಅಗೆದಲ್ಲೆಲ್ಲ, ಬಸದಿಗಳ ಅವಶೇಷ. ಮೇಲೆ ನಿಂತು ನೋಡಿದರೆ ಒಂದು ಕಡೆ ನಾಲೆಯ ಹಸಿರು, ಇನ್ನೊಂದು ಕಡೆ ನಾಲೆ ಹತ್ತಲಾರದ ಎತ್ತರದ ಕೆಂಪು ಹೊಲ. ಈ ಗೆರೆಯೇ ಇಲ್ಲಿನ ಬಡತನ ಸಿರಿತನದ ನಕ್ಷೆ.

ಬುಡದ ಊರಿನ ನಾಯಿಗಳಿಗೆ ಬೆಟ್ಟ ಹತ್ತುವವರ ಸಮಯವೆಲ್ಲ ಬಾಯಿಪಾಠ. ಬಸ್ಸಿಳಿದವರ ಚೀಲ ನೋಡಿ ಆಯ್ಕೆ ಮಾಡಿಕೊಳ್ಳುತ್ತವೆ. ಹತ್ತುವಾಗ ಮುಂದೆ ಮುಂದೆ, ಬಂಡೆ ಕಡಿದಾದಲ್ಲಿ ಬಳಸುದಾರಿ ತೋರಿಸಿ, ಬುತ್ತಿ ಬಿಚ್ಚುವ ಜಾಗಕ್ಕೆ ನಿಮಗಿಂತ ಮೊದಲೇ ಹೋಗಿ ಕೂತಿರುತ್ತವೆ. ಮೊಸರನ್ನ ಕೊಡಿ, ಮೊಟ್ಟೆ ಕೊಡಿ. ದಾರಿಯಲ್ಲಿ ಕಟ್ಟಿಸಿಕೊಂಡು ಬಂದ ಮದ್ದೂರು ವಡೆ ಮಾತ್ರ ಬೇಡ, ಎಷ್ಟು ಗೋಗರೆದರೂ. ಅದರ ಜೀವವೇ ಈರುಳ್ಳಿ, ಈರುಳ್ಳಿ ನಾಯಿಯ ರಕ್ತಕಣಗಳನ್ನು ಒಡೆಯುವ ವಿಷ. ಪಾಂಡವಪುರದ ಕುಂತಿಬೆಟ್ಟದಲ್ಲಿ ಶನಿವಾರ ರಾತ್ರಿ ಬೆಂಗಳೂರಿನಿಂದ ಹಣೆಗೆ ದೀಪ ಕಟ್ಟಿಕೊಂಡು ಬರುವ ಚಾರಣದ ತಂಡಗಳಿಗೂ ಕೊನೆಗೆ ದಾರಿ ತೋರುವುದು ಇಂಥವೇ. ಫೋಟೋಗಳಲ್ಲಿ ಸೂರ್ಯೋದಯದ ಮುಂದೆ ಕೂತ ನಾಯಿಯನ್ನು ನೋಡಿ, ಅದಕ್ಕೆ ದುಡ್ಡು ಕೊಟ್ಟವರು ಯಾರು ಎಂದು ನಾನು ಯೋಚಿಸುವುದುಂಟು.

ಮುತ್ತತ್ತಿಗೆ ಮಾತ್ರ ನಾಯಿ ಕರೆದುಕೊಂಡು ಹೋಗಬೇಡಿ. ಅದು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ಒಳಗಿದೆ. ಹೊಳೆಮತ್ತಿ ಮರಗಳ ಮೇಲೆ ನಸುಬೂದಿ ಬಣ್ಣದ ದೊಡ್ಡ ಅಳಿಲು, ದಡದಲ್ಲಿ ಆನೆ, ಒಳಗಿನ ಕಾಡಿನಲ್ಲಿ ಸೀಳುನಾಯಿ. ನಮ್ಮ ಕರಿಯನ ದೂರದ ನೆಂಟರಾದ ಇವು ಗುಂಪಾಗಿ ಬೇಟೆಯಾಡುತ್ತವೆ, ಬೊಗಳುವುದಿಲ್ಲ, ಸಿಳ್ಳೆ ಹಾಕಿ ಒಂದನ್ನೊಂದು ಕರೆಯುತ್ತವೆ. ಊರುನಾಯಿಯ ಡಿಸ್ಟೆಂಪರ್ ಅವಕ್ಕೆ ಅಂಟಿದರೆ ಗುಂಪಿಗೆ ಗುಂಪೇ ಹೋಗಬಹುದು. ನಾಯಿ ಸಂತನಲ್ಲ ಎಂಬುದಕ್ಕೆ ಕಾಡಿಗೇ ಹೋಗಬೇಕೆಂದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಿಸೆಮರದ ಗೂಡಿನಿಂದ ಹೆಜ್ಜಾರ್ಲೆ ಮರಿ ಕೆಳಗೆ ಬಿದ್ದರೆ ಮೊದಲು ತಲುಪುವುದು ನಾಯಿ. ಊರವರು ಬಿದ್ದ ಮರಿಗಳನ್ನು ಎತ್ತಿ ಬಲೆಮನೆಯಲ್ಲಿಟ್ಟು ಮೀನು ಹಾಕಿ ಸಾಕಿ ಬಿಡುತ್ತ ಬಂದಿದ್ದಾರೆ.

ಹುಚ್ಚುನಾಯಿ ರೋಗದ ವಿಷಯದಲ್ಲೂ ನಾಟಿ ಪ್ರೀತಿ ಸಾಲದು. ಕಚ್ಚಿದರೆ, ಪರಚಿದರೂ ಸರಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಕಾಲು ಗಂಟೆ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಯಾವುದೂ ಬೇಡ. ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮಕ್ಕೆ ಕೊಡುವ ಲಸಿಕೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ಮೂರನೆಯ ಸೂಜಿಗೇ ಹುಷಾರಾಯಿತೆಂದು ಬಿಡುವವರು ಹೆಚ್ಚು. ರೋಗ ಕಾಣಿಸಿಕೊಂಡ ಮೇಲೆ ಉಳಿದವರು ಇಲ್ಲವೆಂದೇ ಲೆಕ್ಕ. ನಾಯಿಗೆ ವರ್ಷಕ್ಕೊಂದು ಲಸಿಕೆ ಪಶು ಆಸ್ಪತ್ರೆಯಲ್ಲಿ ಸಿಗುತ್ತದೆ. ಅರ್ಧ ಊರಿಗೆ ಸೇರಿದ ಕರಿಯನನ್ನು ಅಲ್ಲಿಗೆ ಹೊತ್ತುಕೊಂಡು ಹೋಗುವುದು ಯಾರು ಎಂಬಲ್ಲಿ ಮಾತ್ರ ಮೂರು ಮನೆಯವರೂ ಇನ್ನೊಬ್ಬರ ಮುಖ ನೋಡುತ್ತಾರೆ.

ಈ ಸೀಮೆಯ ದೊಡ್ಡ ಬೆಟ್ಟಯಾತ್ರೆ ಒಂದು ದಿನದ್ದಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರವಾದಾಗ ಮಳವಳ್ಳಿ ರಸ್ತೆಯಲ್ಲಿ ಹಳದಿ ಬಟ್ಟೆ ತೊಟ್ಟ ಸಾಲು ಕಾಣುತ್ತದೆ. ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆ: ಕಾವೇರಿ ದಾಟಿ ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟ. ಬಿಸಿಲಿಗೆ ಹೆದರಿ ಬಯಲಿನ ದಾರಿಯನ್ನು ರಾತ್ರಿ ನಡೆಯುತ್ತಾರೆ, ಹಗಲು ಮರದ ಕೆಳಗೆ ಮಲಗುತ್ತಾರೆ. ದಾರಿಯುದ್ದಕ್ಕೂ ಊರವರು ನೀರುಮಜ್ಜಿಗೆ, ಅನ್ನಸಾರು ಇಟ್ಟು ಕಾಯುತ್ತಾರೆ. ತಾಳಬೆಟ್ಟದಿಂದ ಮೇಲೆ ಕಾಡು, ಅಲ್ಲಿ ಕತ್ತಲಲ್ಲಿ ಹೆಜ್ಜೆ ಇಡುವುದು ಭಕ್ತಿಯಲ್ಲ, ಉಡಾಫೆ.

ಪ್ರತಿ ಗುಂಪಿನ ಹಿಂದೆಯೂ ಒಂದೋ ಎರಡೋ ನಾಯಿ. ಊರ ಬಾಗಿಲಲ್ಲಿ ಹಚಾ ಎಂದು ಕಲ್ಲೆತ್ತಿ ಅಟ್ಟಿರುತ್ತಾರೆ, ಅದು ಮುಂದಿನ ಸೇತುವೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಬೇರೆ ಬೇರೆ ಊರಿನ ನಾಯಿಗಳ ಗಡಿಯನ್ನು ಹೇಗೆ ದಾಟಿತೋ ತಿಳಿಯದು. ಕೊಳ್ಳೇಗಾಲ ದಾಟಿದ ಮೇಲೆ ಅಟ್ಟುವವರಿಲ್ಲ, "ಮಾದಪ್ಪನೇ ಕರ್ಸಕೊಂಡವ್ನೆ ಬಿಡು" ಎಂದು ಯಾರೋ ಹೇಳಿ, ಅಲ್ಲಿಂದ ಮುಂದೆ ಅದಕ್ಕೂ ಒಂದು ಎಲೆ. ಹುಲಿಯ ಮೇಲೆ ಸವಾರಿ ಮಾಡುವ ದೇವರ ಸನ್ನಿಧಿಯಲ್ಲಿ ನಾಯಿ ಅಂಗಳದ ಮೂಲೆ ಹಿಡಿದು ಒಂದು ರಾತ್ರಿ ಮಲಗುತ್ತದೆ, ಅಂಗಾಲು ನೆಕ್ಕಿಕೊಳ್ಳುತ್ತ. ಮಾರನೆಯ ದಿನ ಇಳಿಯುವಾಗ ಯಾರೂ ನಡೆಯುವುದಿಲ್ಲ, ಎಲ್ಲರಿಗೂ ಬಸ್ಸು. ಆಗ ಸಮಸ್ಯೆ. ಬಿಟ್ಟು ಹೋಗಲು ಮನಸ್ಸಿಲ್ಲ, ಗೂಡ್ಸ್ ಟೆಂಪೋದವನು ಕೈಗೆ ಸಿಗುವುದಿಲ್ಲ. ಕಂಡಕ್ಟರು ಒಂದು ಸಲ ನಾಯಿಯನ್ನೂ ಒಂದು ಸಲ ಹಿಡಿದವನನ್ನೂ ನೋಡಿ, ಹಿಂದಿನ ಸೀಟಿನ ಕೆಳಗೆ ಕೂರಿಸಿ ಎನ್ನುತ್ತಾನೆ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಾಯಿಗೆ ಅರ್ಧ ಟಿಕೆಟ್. ಯಾರ ನಾಯಿ, ದುಡ್ಡು ಯಾರು ಕೊಡ್ತೀರಿ ಎಂದು ಕೇಳಿದ್ದಕ್ಕೆ ನಾಲ್ಕು ಜನ ಒಟ್ಟಿಗೆ ಜೇಬಿಗೆ ಕೈ ಹಾಕುತ್ತಾರೆ.